ಬರ್ತೀನಿ ಎನ್ನದವರು

ಸಂಜೆ ಕೆಲಸ ಮುಗಿಸಿ ಏಳುವಾಗ ನಮ್ಮ ಮ್ಯಾಡಮ್ "ಹೋಗ್ತೀನಿ" ಎನ್ನುತ್ತಿದ್ದರು. ನಮ್ಮ ಕಡೆ ಹಾಗೆ ಯಾರೂ ಅನ್ನುವುದಿಲ್ಲ. ಓಣಿಯ ತುದಿಯ ಕಿರಾಣಿ ಅಂಗಡಿಗೆ ಹೊರಟವರು ಕೂಡ ಹೊಸ್ತಿಲಲ್ಲಿ ನಿಂತು "ಬರ್ತೀನಿ" ಎಂದು ಹೇಳಿಯೇ ಹೊರಡಬೇಕು. ಹೋಗ್ತೀನಿ ಎಂದರೆ ಅಪಶಕುನ, ಹೋದವರು ಹೋಗಿಯೇ ಬಿಟ್ಟಾರು ಎಂಬ ಅಂಜಿಕೆ. ಸಾವಾದ ಮನೆಯಿಂದ ಏಳುವಾಗ ಮಾತ್ರ ಬರ್ತೀನಿ ಅನ್ನಬಾರದು; ಅಲ್ಲಿಂದ ಏನೂ ಹೇಳದೆ ಎದ್ದು ಬರಬೇಕು. ಇದನ್ನೆಲ್ಲ ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ, ನಡೆಯಲು ಕಲಿತ ಹಾಗೆ ಕಲಿತದ್ದು.

ಅವರು ಮಾತ್ರ ದಿನಾ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ನಮ್ಮ ಮುಖ ನೋಡಿ "ಹೋಗ್ತೀನಿ" ಎಂದು ಮೆಟ್ಟಿಲು ಇಳಿದುಬಿಡುತ್ತಿದ್ದರು. ಕೆಳಗೆ ಕಸ ಗುಡಿಸುವಾಕೆ "ಬಿಡ್ತು ಅನ್ರಿ ಮ್ಯಾಡಮ್" ಎಂದು ಬೇಡಿಕೊಂಡರೂ ಅನ್ನುತ್ತಿರಲಿಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ ಯಾಕೆ ಹೀಗೆ ಎಂದು ಕೇಳಿದೆ. "ಬರ್ತೀನಿ ಅಂದಮ್ಯಾಲ ಬರಬೇಕಾಗ್ತೈತಿ. ಬರೂದು ನನ್ನ ಕೈಯಾಗ ಐತೇನು? ಹೋಗೂದು ಕಾಣಾಕತ್ತೈತಿ, ಅದನ್ನ ಹೇಳ್ತೀನಿ," ಎಂದರು. ಅಂಥವರ ಹತ್ತಿರ ವಾದ ಮಾಡಿ ಗೆಲ್ಲಲಿಕ್ಕಾಗುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಎದೆ ನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಫೋನಿನಲ್ಲಿ ಸುದ್ದಿ ಹೇಳಿದ ಸವಿತಾ ಅಳುತ್ತಲೇ, "ಹೋಗಬೇಕಾದ್ರ ಏನಂದ್ರೋ ಏನೋ," ಎಂದಳು. ಅವರ ಕೈಕೆಳಗೆ ಇಂಟರ್ನ್‌ಶಿಪ್ ಮಾಡಿದ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಮಾತು ಅದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ಹೆಸರ ಯಾಕ ಬೇಕು, ನಡೆದದ್ದ ಹೇಳು," ಎಂದು ಗದರುತ್ತಿದ್ದರು.

ಎಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ನಮ್ಮ ಕ್ಲಾಸಿನವರು ಪುಣೆ, ಬೆಂಗಳೂರು ಎಂದು ಬೀಗುತ್ತಿದ್ದಾಗ ನನಗೂ ಸವಿತಾಗೂ ಎಲ್ಲಿಯೂ ಜಾಗ ಸಿಗಲಿಲ್ಲ. ಕಡೆಗೆ ವಿಭಾಗದ ಸರ್ ಒಬ್ಬರು ಅಣ್ಣಿಗೇರಿಯ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರಕ್ಕೆ ಕಳಿಸಿದರು. ಕೊರಳಲ್ಲಿ ಗುರುತಿನ ಚೀಟಿ, ತಣ್ಣಗಿನ ಎಸಿ, ಗಾಜಿನ ಗೋಡೆ ಎಂದೆಲ್ಲ ಕನಸು ಕಂಡಿದ್ದ ನಮಗೆ ಸಿಕ್ಕಿದ್ದು ಕೇಂದ್ರದ ಮಾಳಿಗೆಯ ಮೇಲಿನ ಒಂದು ಕೋಣೆ. ಕೆಳಗಿನಿಂದ ಫಿನೈಲಿನ ವಾಸನೆ, ಮೇಲಿನಿಂದ ನೀರಿನ ಟಾಕಿ ತುಂಬಿ ಸುರಿಯುವ ಸದ್ದು. ಯರಗುಪ್ಪಿಯಿಂದ ನಸುಕಿನ ಬಸ್ಸು ಹಿಡಿದು, ಹುಬ್ಬಳ್ಳಿಯಲ್ಲಿ ಇನ್ನೊಂದಕ್ಕೆ ಏರಿ, ಜೋತಾಡುತ್ತ ಬಂದವಳಿಗೆ ಅದನ್ನು ನೋಡಿ ಅಳುವೇ ಬಂತು. ಊರಲ್ಲಿ "ಸಾಫ್ಟ್‌ವೇರ್ ಕಂಪನಿ" ಎಂದು ಹೇಳಿಬಿಟ್ಟಿದ್ದೆ.

ಆ ಕೋಣೆಯಲ್ಲಿ ಅವರೊಬ್ಬರೇ ಎಂಜಿನಿಯರ್. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಮಡಿಲಲ್ಲಿ ಹುರಿದ ಶೇಂಗಾ. ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಬಾಯಿಗೆ ಹಾಕಿಕೊಳ್ಳುತ್ತ, "ಏನೇನ್ ಬರ್ತೈತಿ ನಿಮಗ?" ಎಂದರು. ಸವಿತಾ ಕಲಿತ ಕಂಪ್ಯೂಟರ್ ಭಾಷೆಗಳನ್ನೆಲ್ಲ ಒಪ್ಪಿಸಿದಳು. "ಅದು ಇರ್ಲಿ. ಕೇಳಾಕ ಬರ್ತೈತೇನು?" ಎಂದು ನಮ್ಮನ್ನು ಕೆಳಗೆ ಅಟ್ಟಿಬಿಟ್ಟರು. ಮೊದಲ ವಾರವಿಡೀ ಕೀಬೋರ್ಡ್ ಮುಟ್ಟಲು ಬಿಡಲಿಲ್ಲ. ರೋಗಿಗಳ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಅವರ ಮಾತು ಕೇಳುತ್ತ ಕೂರುವುದೇ ಕೆಲಸ. ಡಯಾಲಿಸಿಸ್ ಎಂಬ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ, "ರಕ್ತಾ ತೊಳಿಸಾಕ ಬಂದೀನಿ" ಎನ್ನುತ್ತಿದ್ದರು. ವಾರಕ್ಕೆ ಎರಡು ಸಲ ತೊಳೆಯಲೇಬೇಕು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ ಎಂಬುದನ್ನು ನಾನು ಅಲ್ಲೇ ತಿಳಿದದ್ದು.

ಮ್ಯಾಡಮ್‌ಗೆ ಒಂದು ಮಾತಿತ್ತು. ಸಾಫ್ಟ್‌ವೇರಿನಲ್ಲಿ ಏನೋ ಕೆಟ್ಟಿದೆ, ಎರರ್ ಬಂದಿದೆ ಎಂದು ನಾವು ಓಡಿಹೋದರೆ ಏನು ಎಂದು ಕೇಳುತ್ತಿರಲಿಲ್ಲ. "ಯಾರಿಗಿ?" ಎನ್ನುತ್ತಿದ್ದರು. ಯಾರಿಗೆ ಬಂತು ಆ ಎರರ್, ಅವರ ಹೆಸರೇನು, ಅವರು ಈಗ ಎಲ್ಲಿದ್ದಾರೆ. ಅದು ತಿಳಿಯದಿದ್ದರೆ ತಿಳಿದುಕೊಂಡು ಬಾ ಎಂದು ತಿರುಗಿ ಕಳಿಸುತ್ತಿದ್ದರು. ಸಿಟ್ಟು ಬಂದರೆ ಮಾತೇ ಇಲ್ಲ. ಕೀಬೋರ್ಡನ್ನು ಮೇಜಿನ ಅಂಚಿಗೆ ಸಮನಾಗಿ ಮೆಲ್ಲಗೆ ಸರಿಸುತ್ತಿದ್ದರು. ಅದು ಸರಿಯುವುದನ್ನು ಕಂಡರೆ ಸವಿತಾ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ನಮ್ಮ ಅಂಕ, ಅಂದರೆ ನಮ್ಮ ಡಿಗ್ರಿ, ಅವರ ಕೈಯಲ್ಲಿತ್ತು. ನನಗಂತೂ ಅವರೆಂದರೆ ಭಯ, ಅದನ್ನು ಮುಚ್ಚಿಟ್ಟು ಏನಾಗಬೇಕಿದೆ.

ನಾವು ಹೋದಾಗ ಅವರು ಹೊಸದೊಂದನ್ನು ಕಟ್ಟುತ್ತಿದ್ದರು. ಹಳ್ಳಿಗಳಿಂದ ರೋಗಿಗಳನ್ನು ಕರೆತರಲು ಕೇಂದ್ರದ್ದೊಂದು ಗಾಡಿ ಇತ್ತು. ಡ್ರೈವರ್ ಬಸಣ್ಣ ಹಿಂದಿನ ದಿನ ಎಲ್ಲರಿಗೂ ಫೋನ್ ಮಾಡಿ ನಾಳೆ ಯಾರಿಗೆ ಗಾಡಿ ಬೇಕು ಎಂದು ಕೇಳುತ್ತಿದ್ದ, ಅದೂ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು. ಅದು ತಪ್ಪಲಿ ಎಂದು ಅವರು ಯಂತ್ರವೇ ಫೋನ್ ಮಾಡುವಂತೆ ಮಾಡಿದ್ದರು. "ನಾಳೆ ಗಾಡಿ ಕಳಿಸಬೇಕೋ, ನೀವೇ ಬರುತ್ತೀರೋ?" ಎಂದು ಅದು ಕೇಳುತ್ತದೆ. ಉತ್ತರವನ್ನು ಕೇಳಿಸಿಕೊಂಡು, ಅಕ್ಷರಕ್ಕಿಳಿಸಿ, ಗಾಡಿ ಬೇಕು ಅಥವಾ ತಾವೇ ಬರುತ್ತಾರೆ ಎಂದು ತೀರ್ಮಾನಿಸಿ ಬಸಣ್ಣನ ಮೊಬೈಲಿಗೆ ಕಳಿಸುತ್ತದೆ. ತೀರ್ಮಾನಿಸುವ ನಿಯಮವನ್ನು ಅವರೇ ಬರೆದಿದ್ದರು, ಮತ್ತು ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು. "ನಮ್ಮ ಮಂದಿ ಮೊದಲ ಬ್ಯಾಡ ಅಂತಾರ. ನಿಮಗ್ಯಾಕ ತ್ರಾಸ ಅಂತಾರ. ಕಡೀಕ ಕಳಸ್ರಿ ಅಂತಾರ. ಅದಕ್ಕ ಮೊದಲಿನ ಮಾತ ಹಿಡೀಬಾರದು, ಕಡೀ ಮಾತ ಹಿಡೀಬೇಕು," ಎಂದು ನಮಗೆ ಹೇಳಿಕೊಟ್ಟರು. ಬೇರೆ ಕಡೆಯಿಂದ ಬಂದವರಿಗೆ ಹೊಳೆಯದ ಸೂಕ್ಷ್ಮ ಅದು ಎಂದು ನಾನೂ ಬೆರಗಾದೆ.

ನಾನೂ ಸವಿತಾಳೂ ಹಾಸಿಗೆಯಿಂದ ಹಾಸಿಗೆಗೆ ಫೋನ್ ಹಿಡಿದುಕೊಂಡು ಹೋಗಿ ಅದನ್ನು ಪರೀಕ್ಷೆ ಮಾಡಿದೆವು. ಎಲ್ಲ ಸರಿಬಂತು. "ಬ್ಯಾಡ್ರಿ... ಆತ್ ಕಳಸ್ರಿ" ಎಂದವರಿಗೆಲ್ಲ ಗಾಡಿ ಬೇಕು ಎಂದೇ ಬಂತು. ಅವರು ಅಂಗೈಯ ಶೇಂಗಾದಲ್ಲಿ ನಮಗೂ ಒಂದಿಷ್ಟು ಕೊಟ್ಟರು. ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಅವರಲ್ಲಿರಲಿಲ್ಲ.

ಯಂತ್ರ ಮೊದಲ ಸಲ ತಾನಾಗಿ ಫೋನ್ ಮಾಡಿದ ಮರುದಿನ ಬೆಳಿಗ್ಗೆ ಬಸಣ್ಣ ಗಾಡಿ ತಂದು ನಿಲ್ಲಿಸಿದ. ಎಲ್ಲರೂ ಇಳಿದರು. ಗೋಡೆಯ ಬದಿಯ ಹಾಸಿಗೆ ಒಂದು ಖಾಲಿ ಉಳಿಯಿತು. ನರ್ಸ್ ಹೊರಗೆ ಬಂದು, "ಶಲವಡಿ ಅಜ್ಜಿ ಎಲ್ಲಿ?" ಎಂದಳು. ಬಸಣ್ಣ ಮೊಬೈಲ್ ತೋರಿಸಿದ. "ತಾವ ಬರ್ತಾರಂತ ಐತಲ್ರಿ. ಅದಕ್ಕ ಆ ಊರ ಕಡೆ ತಿರುಗಿಸಲೇ ಇಲ್ಲ."

ಶಲವಡಿ ಅಜ್ಜಿ ಒಬ್ಬರೇ ಇರುವವರು. ಬಸ್ಸು ಹತ್ತಿ ತಾವೇ ಬರುವ ಮಾತೇ ಇರಲಿಲ್ಲ. ಅವರ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಯಾರಾದರೂ ಕರೆತರುತ್ತಿರಬಹುದು ಎಂದು ಸ್ವಲ್ಪ ಹೊತ್ತು ಕಾದರು. ಯಾರೂ ಬರಲಿಲ್ಲ. ನರ್ಸ್ ಮೇಲೆ ಬಂದು, "ಹೋದ ಸಲನೂ ಅಜ್ಜಿಗೆ ನೀರ ಭಾಳ ತುಂಬಿತ್ರಿ ಮ್ಯಾಡಮ್. ಇವತ್ತ ತಪ್ಪಿದ್ರ ಕಷ್ಟ ಐತಿ," ಎಂದು ಹೇಳಿ ನಿಂತಳು. ನಾನು ಅವರ ಕೈ ನೋಡುತ್ತಿದ್ದೆ. ಕೀಬೋರ್ಡ್ ಮೆಲ್ಲಗೆ ಸರಿಯಿತು.

"ಅಜ್ಜಿ ಏನಂದಾರ ಕೇಳಿ ಹೇಳ್ರಿ," ಎಂದು ನಮಗೆ ಹೇಳಿ ಅವರು ಊರಿನ ಇನ್ನಾರಿಗೋ ಫೋನ್ ಹಚ್ಚತೊಡಗಿದರು. ಕಡಲೆ ಕೀಳುವ ದಿನಗಳು, ಯಾರೂ ಎತ್ತುತ್ತಿರಲಿಲ್ಲ, ಊರೆಲ್ಲ ಹೊಲದಲ್ಲಿ. ನಾನು ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು ಹಿಂದಿನ ಸಂಜೆಯ ರೆಕಾರ್ಡಿಂಗ್ ಹಾಕಿದೆ. ಅಜ್ಜಿಯ ದನಿ ಸ್ಪಷ್ಟವಾಗಿತ್ತು. "ಗಾಡಿ ಕಳಸಪ್ಪಾ. ಕಾಲ ಬಾತಾವು, ಬಸ್ ಹತ್ತಾಕ ಆಗಂಗಿಲ್ಲ. ಆತು, ಬರ್ತೀನ್ರಿ."

ಒಂದೇ ಸಲಕ್ಕೆ ತಿಳಿದುಹೋಯಿತು. ಉಳಿದವರು ಯಂತ್ರಕ್ಕೆ "ಕಳಸ್ರಿ" ಎಂದು ಕೂಗಿ ಫೋನ್ ಇಟ್ಟಿದ್ದರು. ಅಜ್ಜಿ ಮಾತ್ರ, ಹಿರಿಯ ಜೀವ, ಯಂತ್ರಕ್ಕೂ ಬರ್ತೀನಿ ಎಂದು ಹೇಳಿಯೇ ಫೋನ್ ಇಟ್ಟಿದ್ದರು. ಕಡೆಯ ಮಾತು ಹಿಡಿಯಬೇಕು ಎಂಬ ನಿಯಮ ಕಡೆಯ ಮಾತನ್ನೇ ಹಿಡಿದಿತ್ತು. ಪರೀಕ್ಷೆಯಲ್ಲಿ ಇದು ಸಿಗದೇ ಇದ್ದದ್ದಕ್ಕೂ ಕಾರಣ ಹೊಳೆಯಿತು: ಹಾಸಿಗೆಯ ಮೇಲೆ ಮಲಗಿದವರ ಹತ್ತಿರ ನಾವೇ ಫೋನ್ ಹಿಡಿದು ನಿಂತಿದ್ದೆವು, ಅಲ್ಲಿ ಯಾರು ಯಾರಿಗೆ ಬರ್ತೀನಿ ಅನ್ನಬೇಕು.

ಸವಿತಾಗೂ ಕೇಳಿಸಿದೆ. ಅವಳು ಮೇಜಿನ ಕೆಳಗೆ ನನ್ನ ವೇಲ್ ಜಗ್ಗಿದಳು. "ನೀ ಹೇಳಬ್ಯಾಡ. ಅವರ ರೂಲ್ ಅದು. ತಾವ ಕೇಳ್ಕೊಳ್ಲಿ. ಮಾರ್ಕ್ಸ್ ಹಾಕೋರು ಅವರ," ಎಂದು ಪಿಸುಗುಟ್ಟಿದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಎದ್ದೆ. ಅವರ ಎದುರು ಹೋಗಿ ನಿಂತೆ. ಅವರು ಫೋನ್ ಕೆಳಗಿಟ್ಟರು.

"ಮ್ಯಾಡಮ್, ಅಜ್ಜಿ ಬರ್ತೀನಿ ಅಂದಾರ್ರಿ," ಎಂದೆ. "ಆದ್ರ ಬರ್ತೀನಿ ಅಂತ ಅಲ್ರಿ ಅದು. ಹೋಗ್ತೀನಿ ಅಂತ."

ಅವರು ಕೈ ಚಾಚಿದರು. ನನ್ನ ಕಿವಿಯ ತಂತಿ ಕಿತ್ತು ತಮ್ಮ ಕಿವಿಗೆ ಹಚ್ಚಿಕೊಂಡು ಕೇಳಿದರು. ಮತ್ತೆ ಕೇಳಿದರು. ಅವರ ಮುಖ ನಾನು ಅಲ್ಲಿಯವರೆಗೆ ಕಾಣದ ಮುಖವಾಗಿತ್ತು. ಜಿಲ್ಲೆಯ ಯಾವ ಮಗುವಿಗಾದರೂ ಗೊತ್ತಿರುವ ಮಾತು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರು ಅದನ್ನು ಆಡುತ್ತಿರಲಿಲ್ಲ, ಅಷ್ಟೆ. ತಾವು ಆಡದ ಮಾತು ನಿಯಮ ಬರೆಯುವಾಗ ಅವರ ಕಿವಿಯಲ್ಲಿ ಇರಲಿಲ್ಲ. "ನಡಿ," ಎಂದು ಎದ್ದರು. ಚಪ್ಪಲಿ ಮೆಟ್ಟಲೂ ಮರೆತು ಬರಿಗಾಲಲ್ಲಿ ಮೆಟ್ಟಿಲು ಇಳಿದರು. ನಾನು ಅವುಗಳನ್ನು ಕೈಯಲ್ಲಿ ಹಿಡಿದು ಹಿಂದೆ ಓಡಿದೆ.

ಬಸಣ್ಣ ಆ ದಿನ ಓಡಿಸಿದ ಹಾಗೆ ಮತ್ತೆಂದೂ ಓಡಿಸಿದ್ದನ್ನು ನಾನು ಕಂಡಿಲ್ಲ. ಎರಡೂ ಕಡೆ ಎರೆಹೊಲ, ಕಡಲೆ ಕೀಳುವ ಹೆಂಗಸರು ತಲೆಯೆತ್ತಿ ನೋಡುತ್ತಿದ್ದರು. ಎದುರಿಗೆ ಜೋಳದ ಕಣಕಿ ಹೇರಿದ ಟ್ರ್ಯಾಕ್ಟರ್ ಬಂದು ರಸ್ತೆ ಕಟ್ಟಿತು. ಅದು ಹಿಂದೆ ಸರಿಯುವಷ್ಟರಲ್ಲಿ ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ. ಅವರು ಮುಂದೆ ಕೂತು ಅಜ್ಜಿಯ ನಂಬರಿಗೆ ಒತ್ತುತ್ತಲೇ ಇದ್ದರು, ಆಫ್ ಆಗಿದೆ ಎಂದು ಗೊತ್ತಿದ್ದೂ. ಬಸಣ್ಣ ಒಮ್ಮೆ, "ಮ್ಯಾಡಮ್, ಮಿಷಿನ್ ತಪ್ಪ ಮಾಡಿತೇನ್ರಿ?" ಎಂದ. "ಮಿಷಿನ್ ನಾ ಹೇಳಿದಂಗ ಮಾಡೇತಿ," ಎಂದರು.

ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಬುತ್ತಿಯ ಚೀಲ, ಪಕ್ಕದಲ್ಲಿ ಕೋಲು, ಬಾಗಿಲಿಗೆ ಕೀಲಿ. ಹೊರಡಲು ತಯಾರಾಗಿ ಬೆಳಗಿನಿಂದ ಹಾಗೇ ಕೂತಿದ್ದರು. ಕಾಲು ಬಾತು ಹೊಳೆಯುತ್ತಿದ್ದವು. ಉಸಿರು ಎಳೆಯುವುದು ಅಂಗಳಕ್ಕೆ ಕೇಳುತ್ತಿತ್ತು. ಗಾಡಿ ಕಂಡದ್ದೇ ಏಳಲು ನೋಡಿದರು, ಆಗಲಿಲ್ಲ. ಅವರಿಬ್ಬರೂ, ಬಸಣ್ಣ ಮತ್ತು ಮ್ಯಾಡಮ್, ಎತ್ತಿಕೊಂಡೇ ಬಂದು ಗಾಡಿಯಲ್ಲಿ ಕೂರಿಸಿದರು. ಮಲಗಿದರೆ ಉಸಿರು ಕಟ್ಟುತ್ತದೆಂದು ದಾರಿಯುದ್ದಕ್ಕೂ ಮ್ಯಾಡಮ್ ಅಜ್ಜಿಯನ್ನು ತಮ್ಮ ಎದೆಗೆ ಆನಿಸಿ ನೆಟ್ಟಗೆ ಹಿಡಿದುಕೊಂಡಿದ್ದರು. ಅಜ್ಜಿಯ ತುಟಿ ನೀಲಿಗಟ್ಟುತ್ತಿತ್ತು. ನಾನು ಕೈ ತಿಕ್ಕುತ್ತಿದ್ದೆ, ಅದು ತಣ್ಣಗಾಗುತ್ತಲೇ ಇತ್ತು.

ಮಾತಾಡಬೇಡಿ ಎಂದರೂ ಅಜ್ಜಿ ಕೇಳಲಿಲ್ಲ. ಒಂದೊಂದೇ ಉಸಿರಿಗೆ ಒಂದೊಂದು ಮಾತು. "ನಾನ... ತಪ್ಪ ಅಂದ್ನೇನವಾ? ಹೊಸಾ ಫೋನು... ಗೊತ್ತಾಗ್ಲಿಲ್ಲ."

"ಇಲ್ರಿ ಅಜ್ಜಿ. ನೀವು ಬರೋಬ್ಬರಿ ಅಂದ್ರಿ," ಎಂದರು ಅವರು. "ನಾ ತಪ್ಪ ಕೇಳಿದ್ನಿ."

ಅಜ್ಜಿ ಉಳಿದರು. ಅದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ನಮಗದು ಬೇಗ ತಿಳಿಯಲಿಲ್ಲ. ಡಾಕ್ಟರು ಹೊರಗೆ ಬಂದು ಇನ್ನು ಪರವಾಗಿಲ್ಲ ಎನ್ನುವವರೆಗೆ ಅವರು ಹೊರಗಿನ ಬಾಕಿನ ಮೇಲೆ ಬರಿಗಾಲಲ್ಲೇ ಕೂತಿದ್ದರು. ಚಪ್ಪಲಿ ನನ್ನ ಕೈಯಲ್ಲೇ ಇದ್ದವು, ಕೊಡಬೇಕೆಂದು ನನಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಕೇಂದ್ರದ ಕಾರ್ಯದರ್ಶಿಯವರು ಬಂದರು. ಒಳ್ಳೆಯ ಮನುಷ್ಯರೇ. ಕೇಳಿದ ಮೊದಲ ಪ್ರಶ್ನೆ ಮಾತ್ರ, "ಕಾಲೇಜ್ ಹುಡುಗ್ಯಾರ ಏನರ ಮಾಡ್ಯಾರೇನು?" ಎಂಬುದಾಗಿತ್ತು. ಸವಿತಾಳ ಕಣ್ಣಲ್ಲಿ ಆಗಲೇ ನೀರು. "ರೂಲ್ ನಂದ್ರಿ. ಹಿಡದದ್ದು ಈಕಿ," ಎಂದು ಅವರು ನನ್ನತ್ತ ಕೈ ಮಾಡಿದರು. ಕಾರ್ಯದರ್ಶಿಯವರು ಸುಲಭದ ದಾರಿ ಹೇಳಿದರು: ಗಾಡಿ ಬೇಕು ಅಥವಾ ಬೇಡ ಎಂದಷ್ಟೇ ಹೇಳಿ, ಬೇರೆ ಏನೂ ಮಾತಾಡಬೇಡಿ ಎಂದು ಯಂತ್ರವೇ ಮೊದಲು ಹೇಳಲಿ. ನನಗದು ಸರಿಯೆನಿಸಿತು. ಅವರು ತಲೆಯಲ್ಲಾಡಿಸಿದರು.

"ಹೇಳಿ ಹೋಗೋ ಮಂದಿಗೆ ಹೇಳಬ್ಯಾಡ್ರಿ ಅಂತ ನಾವ ಹೇಳೂದೇನ್ರಿ? ಕಲೀಬೇಕಾದ್ದು ಮಿಷಿನ್, ಅಜ್ಜಿ ಅಲ್ಲ. ಅಲ್ಲೀತನಾ ಬಸಣ್ಣ ಫೋನ್ ಮಾಡ್ಲಿ. ಗಾಡಿ ನಿಲ್ಲಿಸಿ ಮಾಡ್ಲಿ."

ಮರುದಿನದಿಂದ ನಮ್ಮ ಇಂಟರ್ನ್‌ಶಿಪ್ ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ನಡೆಯಿತು. ಮೂವರೂ ಶೇಂಗಾ ತಿನ್ನುತ್ತ ಕೂತು, ಜನ ಒಬ್ಬರನ್ನೊಬ್ಬರು ಹೇಗೆ ಬೀಳ್ಕೊಡುತ್ತಾರೆ ಎಂದು ಕೇಳುವುದು. "ಬರ್ಲೇನು?" "ಆತ್ರಿ, ಬರ್ತೀವಿ." "ಬರ್ತೀನಿ ಬೇ ಯವ್ವಾ." ಊರಿಗೆ ಹೋಗುವವರೆಲ್ಲ ಬರುತ್ತೇವೆ ಎನ್ನುತ್ತಿದ್ದರು. ಪುಣೆಗೆ ಹೋದ ಗೆಳತಿಯರು ಗಾಜಿನ ಗೋಡೆಯ ಮುಂದೆ ನಿಂತ ಫೋಟೋ ಕಳಿಸುತ್ತಿದ್ದರು. ನಾವು ಬಸ್ಸಿನ ಹೊಗೆ ಕುಡಿಯುತ್ತಿದ್ದೆವು. ನಿಯಮ ಕಡೆಗೂ ಬದಲಾಯಿತು. ಬರ್ತೀನಿ ಎಂಬುದು ಮಾತಿನ ಕೊನೆಗೆ ಬಂದರೆ ಅದನ್ನು ಬಿಟ್ಟು ಅದಕ್ಕೂ ಹಿಂದಿನದನ್ನು ನೋಡಬೇಕು, ಎಳ್ಳಷ್ಟು ಸಂಶಯವಿದ್ದರೂ ಮನುಷ್ಯರೇ ಫೋನ್ ಮಾಡಬೇಕು. ಇಂಟರ್ನ್‌ಶಿಪ್ ಮುಗಿದ ದಿನ ಅವರು ನನಗೆ, "ನೀ ಮಾತಾಡೂದು ಕಡಿಮಿ. ಮಾತಾಡಬೇಕಾದಾಗ ಮಾತಾಡಿದಿ. ಅಷ್ಟ ಸಾಕು," ಎಂದರು. ಈಗ ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಏನಾದರೂ ಕೆಟ್ಟಿತು ಎಂದರೆ ಯಾರಿಗೆ ಎಂದು ನಾನೂ ಕೇಳುತ್ತೇನೆ, ಜೊತೆಯವರು ನಗುತ್ತಾರೆ.

ಆದರೆ ಹೇಳಬೇಕಾದದ್ದು ಉಳಿದಿದೆ. ಆ ದಿನ ಸಂಜೆ ಅಜ್ಜಿಯನ್ನು ಮನೆಗೆ ಬಿಡಲು ಮತ್ತೆ ಶಲವಡಿಗೆ ಹೋಗಿದ್ದೆವು. ಹಾಸಿಗೆ ಹಾಸಿ, ನೀರು ಹತ್ತಿರ ಇಟ್ಟು, ಫೋನ್ ಚಾರ್ಜಿಗೆ ಹಚ್ಚಿ, ಪಕ್ಕದ ಮನೆಯವರಿಗೆ ಹೇಳಿ, ಮ್ಯಾಡಮ್ ತಮ್ಮ ಎಂದಿನ ದನಿಯಲ್ಲಿ "ಹೋಗ್ತೀನ್ರಿ ಅಜ್ಜಿ" ಎಂದರು. ಮಲಗಿದ್ದ ಅಜ್ಜಿ ತಲೆ ಎತ್ತಿದರು.

"ಹೊಸ್ತಲದಾಗ ನಿಂತು ಹಂಗನಬ್ಯಾಡ. ಬರ್ತೀನಿ ಅನ್ನು."

ಅವರು ಹೊಸ್ತಿಲಲ್ಲೇ ನಿಂತರು. ಹೊರಗೆ ಬಸಣ್ಣ ಹಾರ್ನ್ ಬಾರಿಸಿದ. ಅವರು ಅನ್ನುವುದಿಲ್ಲ ಎಂದು ನಾನು ತಿಳಿದಿದ್ದೆ, ಅಜ್ಜಿಯ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ.

"ಬರ್ತೀನಿ," ಎಂದರು. ಆಮೇಲೆ, ಅಂದದ್ದನ್ನು ಅರ್ಧಕ್ಕೆ ಬಿಡಲಾರದವರಂತೆ, "ಐತವಾರ ಬರ್ತೀನಿ," ಎಂದು ಸೇರಿಸಿದರು.

ಐತವಾರ ಹೋದರು. ಮುಂದಿನ ಐತವಾರವೂ ಹೋದರು. ಪ್ರತಿ ಸಲ ಹೊರಡುವಾಗ ಅಜ್ಜಿ ಅನ್ನಿಸುತ್ತಿದ್ದರು, ಅಂದಮೇಲೆ ಇವರು ಹೋಗಲೇಬೇಕು. ವರ್ಷಗಳ ಕಾಲ ಅದು ತಪ್ಪಲಿಲ್ಲ ಎಂದು ಬಸಣ್ಣ ಹೇಳುತ್ತಿದ್ದ. ಆಫೀಸಿನಲ್ಲಿ, ಬೇರೆ ಎಲ್ಲ ಕಡೆ ಅವರು ಹೋಗ್ತೀನಿ ಎಂದೇ ಅನ್ನುತ್ತಿದ್ದರಂತೆ. ಬರ್ತೀನಿ ಎಂದದ್ದು ಆ ಒಂದು ಮನೆಯಲ್ಲಿ ಮಾತ್ರ.

ಸುದ್ದಿ ತಿಳಿದ ಮೇಲೆ ರಜೆ ಹಾಕಿ ನವಲಗುಂದದ ಅವರ ಮನೆಗೆ ಹೋದೆ. ಅವರ ಅಕ್ಕ ಚಹಾ ಕೊಟ್ಟರು. ಬಾಗಿಲ ಬಳಿ ಆ ಚಪ್ಪಲಿಗಳು ಇನ್ನೂ ಇದ್ದವು. ಅಲ್ಲಿಂದ ಏನೂ ಹೇಳದೆ ಎದ್ದು ಬಂದೆ, ಅದು ಪದ್ಧತಿ. ಮನೆಗೆ ಹೋಗುವ ಮನಸ್ಸಾಗದೆ ಅಣ್ಣಿಗೇರಿಯ ಬಸ್ಸು ಹತ್ತಿ ಶಲವಡಿಯಲ್ಲಿ ಇಳಿದೆ.

ಅಜ್ಜಿ ಕಟ್ಟೆಯ ಮೇಲೇ ಇದ್ದರು. ಮೊದಲಿಗಿಂತ ಸಣ್ಣಗಾಗಿದ್ದಾರೆ, ಕೈಯ ನರ ಉಬ್ಬಿವೆ. ನನ್ನ ಗುರುತು ಹತ್ತಿತು. "ಬಸಣ್ಣ ಹೇಳ್ದ," ಎಂದರು, ನಾನು ಬಾಯಿ ತೆರೆಯುವ ಮೊದಲೇ. ನಾನು ಅವರ ಪಕ್ಕದಲ್ಲಿ ಕೂತೆ.

"ಐತವಾರ ಬರ್ತೀನಿ ಅಂದಿದ್ಲು. ಸುಳ್ಳ ಹೇಳೂ ಪೈಕಿ ಅಲ್ಲ ಆಕಿ," ಎಂದರು ಅಜ್ಜಿ. ಅಳು ಬಂತು, ಅತ್ತೆ. ಅಜ್ಜಿ ಅಳಲಿಲ್ಲ, ನನ್ನ ಬೆನ್ನ ಮೇಲೆ ಕೈಯಿಟ್ಟರು.

ಕಡೆಯ ಬಸ್ಸಿನ ಹೊತ್ತಾಯಿತು. ಎದ್ದು ನಿಂತೆ, ಆದರೆ ಏನು ಹೇಳಿ ಹೊರಡಬೇಕು ಎಂದು ತಿಳಿಯಲಿಲ್ಲ. ಇದೂ ಸಾವಿನ ಮನೆಯೇ ಅನಿಸುತ್ತಿತ್ತು, ಸುಮ್ಮನೆ ಹೋಗಿಬಿಡಲೇ ಎನಿಸಿತು. ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಬರ್ತೀನ್ರಿ ಅಜ್ಜಿ," ಎಂದೆ.

ಬರ್ತೀನಿ ಎಂದವರನ್ನು ನಮ್ಮ ಕಡೆ ಯಾರೂ ತಿರುಗಿ ಏನೂ ಕೇಳುವುದಿಲ್ಲ. ಹೂಂ ಎನ್ನುತ್ತಾರೆ, ಕೈ ಬೀಸುತ್ತಾರೆ, ಅಲ್ಲಿಗೆ ಮುಗಿಯಿತು. ಅಜ್ಜಿ ಕೋಲು ಊರಿ ಸ್ವಲ್ಪ ಮುಂದಕ್ಕೆ ಬಾಗಿದರು.

"ಯಾವಾಗ?" ಎಂದರು.